ಸೀಟಿ ಹೊಡೆಯುವ ಜೇಬು

ಇವತ್ತು ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಒಂದು ಸಣ್ಣ ಸೀಟಿ ಕೇಳಿ ನನಗೆ ಎಚ್ಚರವಾಯಿತು, ಮಾನ್ಯ ಅಧ್ಯಕ್ಷರೇ, ಶಿಶುವಿಹಾರ ಶಿಕ್ಷಕಿಯರ ಸಂಘದ ಪದಾಧಿಕಾರಿಗಳೇ, ಇಪ್ಪತ್ತೆರಡು ನಿಮಿಷ ನನ್ನ ಪರಿಚಯ ಮಾಡಿಕೊಟ್ಟ ಕಾರ್ಯದರ್ಶಿಗಳೇ, ಅಷ್ಟಾದರೂ ಎದ್ದು ಹೋಗದ ಸಭಿಕರೇ.

ಸಂಬೋಧನೆಗೆ ಮೊದಲೇ ಗಂಟೆ ಹೇಳಿದ್ದಕ್ಕೆ ಕ್ಷಮೆಯಿರಲಿ. ಮೂರು ವರ್ಷದಿಂದ ನೆಟ್ಟಗೆ ನಿದ್ದೆ ಮಾಡದವಳ ತಲೆಯಲ್ಲಿ ವಾಕ್ಯಗಳು ಹೀಗೆಯೇ ಹಿಂದುಮುಂದಾಗಿ ಬರುತ್ತವೆ. ಆದರೆ ಆ ಸೀಟಿಯನ್ನು ನೀವೂ ನೆನಪಿಟ್ಟುಕೊಳ್ಳಬೇಕು. ಅದು ಕುಕ್ಕರಿನದಲ್ಲ, ರೈಲಿನದಲ್ಲ. ಸೊಳ್ಳೆ ಸಂಗೀತ ಕಲಿಯಲು ಹೊರಟರೆ ಹೇಗೋ ಹಾಗೆ, ತೆಳ್ಳಗೆ, ಎಡೆಬಿಡದೆ. ನನ್ನ ಮಗಳ ಶ್ರವಣಯಂತ್ರ ಕಿವಿಯಿಂದ ಕಳಚಿ ದಿಂಬಿನ ಕೆಳಗೋ ಮುಷ್ಟಿಯೊಳಗೋ ಸಿಕ್ಕಿಕೊಂಡರೆ ಹೀಗೆ ಕೂಗುತ್ತದೆ. ಕಡಲೆಕಾಯಿ ಬೀಜದಷ್ಟು ದೊಡ್ಡದು. ಸಂಜೆ ಐದೂವರೆಯಿಂದ ಅದು ಕಾಣೆಯಾಗಿದೆ. ಯಾರದೋ ಕೋಟಿನ ಜೇಬಿನಲ್ಲಿದೆ. ನನಗೆ ಕೊಟ್ಟಿರುವ ಹತ್ತು ನಿಮಿಷದಲ್ಲಿ ನಿಮ್ಮ ಸನ್ಮಾನಕ್ಕೆ ಕೃತಜ್ಞತೆಯನ್ನೂ ಹೇಳಬೇಕು, ಅದನ್ನೂ ಹುಡುಕಬೇಕು.

ಕಳೆದದ್ದು ಹೇಗೆ ಗೊತ್ತಾಯಿತು ಎನ್ನುತ್ತೀರಾ? ನನ್ನ ಹೆಸರು ಕರೆದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಹಳದಿ ಬೂಟು ಹಾಕಿಕೊಂಡು ಕೂತಿದ್ದಾಳಲ್ಲ, ಅವಳೇ ನನ್ನ ಮಗಳು. ಮನೆಯಲ್ಲಿ ನಾವು ಕರೆಯುವುದು ಬಟಾಣಿ ಎಂದು. ಎಲ್ಲೇ ಚಪ್ಪಾಳೆ ಬಿದ್ದರೂ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುವ ಹುಡುಗಿ. ಇವತ್ತು ಮುಚ್ಚಿಕೊಳ್ಳಲಿಲ್ಲ. ನೆಮ್ಮದಿಯಾಗಿ ಬಿಸ್ಕತ್ತು ತಿನ್ನುತ್ತಿದ್ದಳು. ನಾನು ವೇದಿಕೆಯ ಮೇಲಿಂದಲೇ ಕಿವಿ ಮುಟ್ಟಿ ನಮ್ಮ ಅತ್ತೆಗೆ ಸನ್ನೆ ಮಾಡಿದೆ. ಸೊಸೆಯ ಓಲೆ ಬಿದ್ದಿದೆ ಎಂದುಕೊಂಡು ಅವರು ಕುರ್ಚಿಯ ಕೆಳಗೆ ಬಗ್ಗಿದರು. ಅವರನ್ನು ನೋಡಿ ಆ ಸಾಲಿನ ಆರು ಜನ ಬಗ್ಗಿದಿರಿ. ನಿಮ್ಮ ಸಹಾಯ ಮರೆಯಲಾರೆ.

ಕಾರ್ಯದರ್ಶಿಗಳು ನನ್ನ ಪ್ರೌಢಶಾಲೆಯ ಬಹುಮಾನಗಳನ್ನು ಓದುತ್ತಿದ್ದಾಗ ನಾನು ಕೆಳಗಿಳಿದದ್ದು ಅದಕ್ಕೇ, ನೀವು ಅಂದುಕೊಂಡದ್ದಕ್ಕಲ್ಲ. ಕಿವಿ ತೋರಿಸಿ ‘ಎಲ್ಲಿ?’ ಎಂದು ಕೈಯಲ್ಲಿ ಕೇಳಿದೆ. ಬಟಾಣಿ ಎರಡೂ ಅಂಗೈ ತೆರೆದು, ಫೂ ಎಂದು ಊದಿ, ‘ಮಾಯ’ ಎಂದಳು.

ಅವಳು ಆಡಿದ ಮೊದಲ ಮಾತೂ ಅದೇ. ‘ಅಮ್ಮ’ ಅಲ್ಲ, ‘ಮಾಯ’. ಜಾದೂಗಾರ್ತಿಯ ಮಗಳಿಂದ ಇನ್ನೇನು ನಿರೀಕ್ಷಿಸುತ್ತೀರಿ?

ಈ ವೃತ್ತಿಗೆ ನಾನು ಬಂದದ್ದು ಪರೀಕ್ಷಾನಳಿಕೆ ತೊಳೆಯುತ್ತಾ. ರಸಾಯನಶಾಸ್ತ್ರದ ಪದವಿ ಕೈಯಲ್ಲಿ ಹಿಡಿದು ಒಂದು ಶಾಲೆಯ ಪ್ರಯೋಗಾಲಯ ಸೇರಿದ್ದೆ. ಒಂದು ದಿನ ಮೇಷ್ಟ್ರು ಬರಲಿಲ್ಲ. ಮಕ್ಕಳನ್ನು ಸುಮ್ಮನಿರಿಸಲು ಗುಲಾಬಿ ಬಣ್ಣದ ನೀರನ್ನು ಲೋಟದಿಂದ ಲೋಟಕ್ಕೆ ಸುರಿದು ಬಣ್ಣವೇ ಇಲ್ಲದಂತೆ ಮಾಡಿದೆ. ನಲವತ್ತು ಮಕ್ಕಳು ಉಸಿರು ಬಿಗಿಹಿಡಿದರು. ಅಲ್ಲಿಯವರೆಗೆ ನನ್ನ ಮಾತನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಮದುವೆಯಾದ ಮೇಲಂತೂ ಕೇಳಿಲ್ಲ.

ಕೆಲಸ ಬಿಟ್ಟು ಶಾಲೆಯಿಂದ ಶಾಲೆಗೆ ಅಲೆದೆ. ಒಬ್ಬ ಮುಖ್ಯೋಪಾಧ್ಯಾಯರು, ‘ಜಾದೂಗೀದೂ ಎಲ್ಲ ಬೇಡಮ್ಮ, ಪಾಠ ಇದ್ರೆ ಮಾಡಿ’ ಎಂದರು. ಎದುರು ರಸ್ತೆಯ ಶಾಲೆಯವರು, ‘ಪಾಠ ನಾವೇ ಮಾಡ್ತೀವಲ್ಲ, ನೀವು ಮೊಲ ತೆಗೀರಿ ಸಾಕು’ ಎಂದರು. ಆಗ ಕಾರ್ಡಿನ ಒಂದು ಬದಿಗೆ ‘ಶೈಕ್ಷಣಿಕ ಮನರಂಜನೆ’, ಇನ್ನೊಂದು ಬದಿಗೆ ‘ಮಕ್ಕಳ ಜಾದೂ’ ಎಂದು ಅಚ್ಚು ಹಾಕಿಸಿದೆ. ಎದುರಿಗಿದ್ದವರ ಮುಖ ನೋಡಿ ಕಾರ್ಡು ತಿರುಗಿಸುವುದೇ ನಾನು ಕಲಿತ ಮೊದಲ ಕೈಚಳಕ. ಹಲ್ಲುಜ್ಜಿಸಿಕೊಳ್ಳುವ ಮೊಸಳೆ, ಭಿನ್ನರಾಶಿಯ ಹಗ್ಗ, ಕೈ ತೊಳೆಯದವರು ಮುಟ್ಟಿದರೆ ಕಪ್ಪಾಗುವ ಕರವಸ್ತ್ರ. ಹೀಗೇ ಆರು ವರ್ಷ ಕಳೆಯಿತು. ಮೊಸಳೆಗೆ ಎರಡು ಸಲ ಹಲ್ಲುಸೆಟ್ಟು ಬದಲಾಯಿಸಿದ್ದೇನೆ.

ಉಳಿದ ವಿದ್ಯೆ ಕಲಿಸಿದವರು ಒಬ್ಬ ದರ್ಜಿ. ವಾರವಿಡೀ ಹೊಲಿಗೆ, ಭಾನುವಾರ ಮಕ್ಕಳ ಪಾರ್ಟಿಗಳಲ್ಲಿ ಜಾದೂ. ನಾನು ತೊಟ್ಟಿರುವ ಈ ಕಪ್ಪು ಕೋಟು ಅವರು ಹೊಲಿದದ್ದು. ಇದರಲ್ಲಿ ಹನ್ನೊಂದು ಜೇಬುಗಳಿವೆ, ನಿಮಗೆ ಕಾಣುವುದು ಎರಡು. ‘ಕೈ ತಾನಾಗೇ ಕಲಿಯುತ್ತೆ ಕಣಮ್ಮ. ಯಾರ ಜೇಬಿಗೆ ಹಾಕಿದೆ ಅನ್ನೋದನ್ನ ಮಾತ್ರ ಮರೀಬೇಡ’ ಎನ್ನುತ್ತಿದ್ದರು. ಬಟಾಣಿಯ ಕೈ ಕಲಿತಿದೆ. ಮಿಕ್ಕದ್ದು ಇನ್ನೂ ಕಲಿಯಬೇಕಿದೆ.

ನೋಡುವವರ ಗಮನವನ್ನು ಬೇರೆ ಕಡೆ ಎಳೆಯುವುದೇ ನನ್ನ ಕಸುಬು. ಬಲಗೈ ಆಡಿಸಿದರೆ ಜನ ಬಲಗೈ ನೋಡುತ್ತಾರೆ, ಕೆಲಸ ಎಡಗೈಯಲ್ಲಿ ಮುಗಿದಿರುತ್ತದೆ. ಇಂಥವಳಿಗೆ ಹದಿನಾಲ್ಕು ತಿಂಗಳು ಚಳ್ಳೆಹಣ್ಣು ತಿನ್ನಿಸಿದವಳು ಇದೇ ಬಟಾಣಿ. ನನ್ನ ಕೈ ನೋಡುತ್ತಿದ್ದಳು, ಮುಖ ನೋಡುತ್ತಿದ್ದಳು, ಸರಿಯಾದ ಜಾಗದಲ್ಲಿ ನಗುತ್ತಿದ್ದಳು. ಎಷ್ಟು ಚುರುಕು ಮಗು ಎಂದು ನಾನೇ ಬೀಗುತ್ತಿದ್ದೆ. ಒಮ್ಮೆ ಅವಳ ಬೆನ್ನ ಹಿಂದೆ ಸ್ಟೀಲ್ ಡಬ್ಬಿಗಳ ಸಾಲೇ ಉರುಳಿಬಿತ್ತು. ನಾನು ಹೌಹಾರಿದೆ. ಅವಳು ತಿರುಗಲಿಲ್ಲ. ‘ನೀನು ಬೇಡದ್ದೆಲ್ಲ ಯೋಚನೆ ಮಾಡ್ತೀಯಮ್ಮ, ಮಗು ಆಟದಲ್ಲಿ ಮುಳುಗಿದೆ ಅಷ್ಟೆ’ ಎಂದರು ಅತ್ತೆ. ಆ ರಾತ್ರಿಯಿಂದ ನನ್ನ ನಿದ್ದೆ ಹೋಯಿತು. ನನ್ನ ಪಾಲಿನದನ್ನೂ ಸೇರಿಸಿ ಯಜಮಾನರು ಮಲಗುತ್ತಾರೆ.

ಎಡಗಿವಿಗೆ ಏನೂ ಕೇಳಿಸುವುದಿಲ್ಲ. ಬಲಗಿವಿಗೆ ಆ ಯಂತ್ರ. ಅವಳ ಕಿವಿಯ ಅಚ್ಚು ತೆಗೆದು ಮಾಡಿಸಿದ್ದು, ಏಳು ತಿಂಗಳು ಕಾದು ಪಡೆದದ್ದು. ಅದು ಬಂದ ಮೇಲೆ ಹನ್ನೊಂದು ಮಾತು ಕಲಿತಿದ್ದಾಳೆ. ಇನ್ನೊಂದು ಬರುವಷ್ಟರಲ್ಲಿ ಅದರಲ್ಲಿ ಎಷ್ಟು ಉಳಿಯುತ್ತದೋ ಗೊತ್ತಿಲ್ಲ. ಅದನ್ನೇ ಲೆಕ್ಕ ಹಾಕುತ್ತಾ ಸನ್ಮಾನ ಫಲಕ ಹಿಡಿದುಕೊಂಡಾಗ ನಾನು ಕಣ್ಣು ಒರೆಸಿಕೊಂಡೆ. ನೀವು ಭಾವುಕರಾದಿರಿ. ಕ್ಷಮಿಸಿ, ಅದು ನಿಮ್ಮ ಫಲಕಕ್ಕೆ ಬಂದ ಕಣ್ಣೀರಲ್ಲ.

ಈಗ ಎಲ್ಲರೂ ದಯವಿಟ್ಟು ನಿಮ್ಮ ಜೇಬುಗಳಿಗೆ ಕೈ ಹಾಕಿ. ಹಾಕಿ ಸರ್, ನಾಚಿಕೆ ಬೇಡ. ಅಧ್ಯಕ್ಷರೇ, ಅದು ಬಿಸ್ಕತ್ತು. ನಾನೇನೂ ನೋಡಲಿಲ್ಲ. ಖಜಾಂಚಿಗಳ ಜೇಬಿನಲ್ಲಿ ಮೂರು ಪೆನ್ನು, ಮೂರೂ ಬೇರೆಯವರದು. ಕಾರ್ಯದರ್ಶಿಗಳೇ, ಅದು ನನ್ನ ಪರಿಚಯದ ಉಳಿದ ಪುಟಗಳೇ? ಒಳಗೇ ಇರಲಿ.

ಯಾರಲ್ಲೂ ಇಲ್ಲ. ನಾನು ಹೆದರಿದ್ದು ಇದಕ್ಕೇ.

ಸ್ವಲ್ಪ ನನ್ನ ಹಿಂದಿರುವ ಬ್ಯಾನರ್ ನೋಡಿ. ನಾನು, ನನ್ನ ತೊಡೆಯ ಮೇಲೆ ಬಟಾಣಿ. ನನ್ನ ಕಾರ್ಡಿನಲ್ಲೂ ಇದೇ ಫೋಟೋ. ಅವಳ ಬಲಗಿವಿ ನೋಡಿ. ಏನೂ ಇಲ್ಲ. ತೆಗೆದವಳು ನಾನು. ಮಕ್ಕಳ ಪಾರ್ಟಿಗೆ ಕರೆಯುವವರು ನಗುವ ಮಗುವನ್ನು ಕಂಡು ಫೋನ್ ಮಾಡಬೇಕೇ ಹೊರತು, ಅಯ್ಯೋ ಪಾಪ ಎಂದು ಅಲ್ಲ; ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಅಂದಿನಿಂದ ಫೋಟೋ ತೆಗೆಯುವವರು ಬಂದಾಗಲೆಲ್ಲ ‘ಮಾಯ’ ಎಂದು ಯಂತ್ರ ತೆಗೆದು ನನ್ನ ಕೋಟಿನ ಎಡಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅವಳು ನಗುತ್ತಿದ್ದಳು. ಆಟ ಎಂದುಕೊಂಡಿದ್ದಳು. ನಾನೂ ಅದನ್ನು ಆಟವೆಂದೇ ಕರೆಯುತ್ತಿದ್ದೆ.

ಇವತ್ತು ಚಹಾ ಆದ ಮೇಲೆ ಗುಂಪು ಫೋಟೋಗೆ ನಿಂತೆವು. ನಾನು ಪದಾಧಿಕಾರಿಗಳ ಜೊತೆ ಹಲ್ಲು ಕಿರಿಯುತ್ತಿದ್ದೆ. ಅಮ್ಮನಿಗೆ ಪುರುಸೊತ್ತಿಲ್ಲ, ಫೋಟೋದವರು ಬಂದಿದ್ದಾರೆ. ಜಾಣೆ, ತಾನೇ ತೆಗೆದು ಪಕ್ಕದ ಕಪ್ಪು ಕೋಟಿನ ಎಡಜೇಬಿಗೆ ಹಾಕಿದ್ದಾಳೆ. ಅವಳ ಎತ್ತರಕ್ಕೆ ನಾವೆಲ್ಲ ಬರೀ ಜೇಬುಗಳಲ್ಲವೇ?

ಆ ಕೋಟು ಯಾರದೆಂದು ಫೋಟೋ ಹೇಳಬೇಕಿತ್ತು. ಆದರೆ ನಮ್ಮ ಛಾಯಾಗ್ರಾಹಕರು ಗಣ್ಯರನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೆಗೆಯುವವರು. ಚಿತ್ರದ ಅಂಚಿನಲ್ಲಿ ಬಟಾಣಿಯ ಜುಟ್ಟು ಮಾತ್ರ ಬಂದಿದೆ. ಜುಟ್ಟಿನ ಸುತ್ತ ನಿಂತವರು ಸ್ವಾಗತಕ್ಕೆ ಬಾರಿಸಿದ ಬ್ಯಾಂಡಿನವರು. ಎಂಟು ಜನ, ಎಂಟು ಕಪ್ಪು ಕೋಟು. ಫೋಟೋ ಮುಗಿದದ್ದೇ ಇನ್ನೊಂದು ಸಮಾರಂಭಕ್ಕೆ ಹೊರಟುಹೋದರು, ಎಲ್ಲಿಗೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಅಲ್ಲಿ ಬಾರಿಸುತ್ತಿದ್ದಾರೆ, ಬ್ಯಾಂಡ್ ಮಾಸ್ಟರರ ಫೋನ್ ಬಡಿದುಕೊಳ್ಳುತ್ತಿದೆ. ಡೋಲಿನ ಪಕ್ಕ ಫೋನೇ ಕೇಳಿಸದವರಿಗೆ ಜೇಬಿನ ಸೀಟಿ ಎಲ್ಲಿ ಕೇಳಿಸೀತು? ಆ ಕೋಟುಗಳು ಅವರವೂ ಅಲ್ಲ, ಬಾಡಿಗೆಯವು. ಬೆಳಿಗ್ಗೆ ಆರಕ್ಕೆ ಅಂಗಡಿಯ ವ್ಯಾನು ಬಂದು ಅವನ್ನು ನೇರ ಲಾಂಡ್ರಿಗೆ ಒಯ್ಯುತ್ತದಂತೆ. ನೀರು ತಾಗಿದರೆ ಆ ಯಂತ್ರದ ಕಥೆ ಮುಗಿಯಿತು.

ಸಭಿಕರೇ, ಈ ಎಂಟು ಜನರಲ್ಲಿ ಯಾರಾದರೊಬ್ಬರು ನಿಮ್ಮ ಪಕ್ಕದ ಮನೆಯವರಿರಬಹುದು, ನಿಮ್ಮ ತರಗತಿಯ ಮಗುವಿನ ತಂದೆಯಿರಬಹುದು. ಬಾಗಿಲು ತಟ್ಟಿ. ಬೈದರೆ ಬೈಸಿಕೊಳ್ಳಿ, ನನ್ನ ಹೆಸರು ಹೇಳಿ. ಕೋಟನ್ನು ಗೋಡೆಗೆ ನೇತುಹಾಕಿ, ಫ್ಯಾನ್ ಆರಿಸಿ, ಎಡಜೇಬನ್ನು ಅಂಗೈಯಿಂದ ಮೆತ್ತಗೆ ಒತ್ತಿ ಸುಮ್ಮನೆ ಕೇಳಿ. ನಿಮಗೆ ಕೇಳಿಸುತ್ತದೆ.

ನಿಮ್ಮ ಕಾರ್ಯಕ್ರಮ ಪಟ್ಟಿಯೊಳಗೆ ನನ್ನ ಕಾರ್ಡಿದೆ. ಎರಡೂ ಬದಿಯಲ್ಲಿ ಒಂದೇ ನಂಬರು. ಫಲಕಕ್ಕೆ, ಹೂಗುಚ್ಛಕ್ಕೆ, ಇಷ್ಟು ಹೊತ್ತು ಸಹಿಸಿದ್ದಕ್ಕೆ ವಂದನೆಗಳು. ಛಾಯಾಗ್ರಾಹಕರೇ, ನಾಳೆ ಇನ್ನೊಂದು ಫೋಟೋ ತೆಗೆಯಬೇಕು, ಬಲಗಿವಿ ಕಾಣುವ ಹಾಗೆ. ಅದಕ್ಕೆ ಕಿವಿಯಲ್ಲಿ ಅದು ಇರಬೇಕು. ಒಂದು ಗಂಟೆಗಾದರೂ ಸರಿ, ಮೂರು ಗಂಟೆಗಾದರೂ ಸರಿ, ಹೊತ್ತಾಯಿತೆಂದು ಸಂಕೋಚಪಡಬೇಡಿ. ನಾಲ್ಕು ಹತ್ತಕ್ಕೆ ನಾನು ಹೇಗೂ ಎದ್ದಿರುತ್ತೇನೆ; ನಾಳೆ ಆ ಸೀಟಿ ಇರುವುದಿಲ್ಲ ಅಷ್ಟೆ. ವ್ಯಾನು ಬರುವುದರೊಳಗೆ, ಬೆಳಗಾಗುವುದರೊಳಗೆ, ಯಾರಾದರೂ ಒಬ್ಬರು ಫೋನ್ ಮಾಡಿ. ನಿಮ್ಮ ದಮ್ಮಯ್ಯ, ಫೋನ್ ಮಾಡಿ. ನಮಸ್ಕಾರ.