ಪುಟ್ಟಿಯ ಕೆಂಪು ಮುಖಗಳು

ಮಕ್ಕಳ ಡಾಕ್ಟರ ಹೊರಕೋಣೆಯಲ್ಲಿ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ತಂಗಿಯ ಮಗಳು ಪುಟ್ಟಿ, ಅವರ ನಡುವೆ ಫೋನಿನಲ್ಲಿ ಕುಣಿಯುವ ಕರಡಿ ನೋಡುತ್ತಿದ್ದಳು.

"ಅಕ್ಕಾ, ಮಗು ಹೇಗಿದೆ ಅಂತ ದಿನಾ ಫೋನಿನ ಆ್ಯಪ್‌ನಲ್ಲಿ ಒಂದು ಮುಖದ ಚಿತ್ರ ಹಾಕ್ತೀನಲ್ಲ, ತಿಂಗಳಿಡೀ ಬರೀ ಕೆಂಪು ಮುಖ. ಕೆಂಪು ಅಂದ್ರೆ ಕೋಪ. ಇವಳಿಗೇನೋ ಆಗಿದೆ ಕಣೇ."

"ನೀನು ಹುಟ್ಟಿದಾಗಿಂದ ಸಿಡುಕಿ. ಅಮ್ಮ ಯಾವ ಡಾಕ್ಟರ ಹತ್ರ ಓಡಿದ್ಲು?"

"ತಮಾಷೆ ಬೇಡ, ನಂಗೆ ನಿದ್ದೇನೇ ಇಲ್ಲ. ತಾಳು, ಇವತ್ತಿಂದೂ ಹಾಕ್ಬಿಡ್ತೀನಿ. ಪುಟ್ಟೀ, ಫೋನ್ ಕೊಡು ಚಿನ್ನ."

ಪುಟ್ಟಿ ಕೊಡಲಿಲ್ಲ. ತಾಯಿ ಕಿತ್ತುಕೊಂಡಳು. ಮಗು ಕುಕ್ಕರಿನಂತೆ ಕೂಗಿತು.

"ನೋಡ್ದಾ? ಮತ್ತೆ ಕೆಂಪು!"

"ಅಯ್ಯೋ ಪೆದ್ದಿ, ದಿನಾ ಹೀಗೇ ಕಿತ್ಕೊಂಡು ಹಾಕ್ತೀಯಾ?"

"ಇರೋದೊಂದೇ ಫೋನು. ಇನ್ನೇನ್ ಮಾಡ್ಲಿ?"

"ನನ್ನ ಕೈಯಿಂದ ಕಿತ್ಕೊಂಡು ನೋಡು, ನಾನೂ ಕೆಂಪೇ!"

ತಂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಫೋನನ್ನು ಪುಟ್ಟಿಗೆ ಕೊಟ್ಟಳು. ಕೂಗು ಅಲ್ಲಿಗೇ ನಿಂತಿತು.

"ಹಾಗಾದ್ರೆ ಇವಳಿಗೇನೂ ಆಗಿಲ್ಲ ಅಲ್ವೇನೇ?"

"ಗುಂಡುಕಲ್ಲಿನ ಹಾಗಿದ್ದಾಳೆ."

ಅಷ್ಟರಲ್ಲಿ ನರ್ಸ್ ಕರೆದಳು.

"ಈಗ ಡಾಕ್ಟರಿಗೆ ಏನಂತ ಹೇಳೋದು?"

"ಬಂದಾಗಿದೆ, ತೂಕ ಆದ್ರೂ ನೋಡಿಸೋಣ, ನಡಿ."

"ಯಾರ್ದು?"

"ಮಗೂದು ಕಣೇ! ನಿಂದು ನೋಡಿದ್ರೆ ಮತ್ತೆ ನಿದ್ದೆ ಬರಲ್ಲ."

ಮೂವರೂ ಒಳಗೆ ಹೋದರು. ಕರಡಿಯ ಹಾಡು ಬಾಗಿಲಾಚೆಗೂ ಕೇಳುತ್ತಿತ್ತು.