ಮಹಿಳೆಯರಿಗೆ ಕತ್ತರಿ

ಯಲಬುರ್ಗಾ ಬಸ್ ನಿಲ್ದಾಣದಲ್ಲಿ ವರದಿಗಾರ ಯಂಕೇಶನ ಪಕ್ಕದಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಹಿರಿಯಳ ಕೈಯಲ್ಲಿ ಅವನೇ ಬರೆದ ಸುದ್ದಿಯ ಪತ್ರಿಕೆಯ ತುಣುಕಿತ್ತು: ‘ಹೊಲಿಗೆ ಕಲಿತ ಮಹಿಳೆಯರಿಗೆ ಕತ್ತರಿ’.

“ಹುಲಗೆಮ್ಮಕ್ಕ, ಆಫೀಸಿನ್ಯಾಗ ಕತ್ತರಿ ಕೊಟ್ರೇನ್ರಿ?”

“ಎಲ್ಲೀದವ್ವ ಭವಾನಿ! ಕೇಳಿದ್ದಕ್ಕ ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಕತ್ತರಿ ಅಂದ್ರ ಹೊಲಿಗಿ ಮಷಿನ್ ಕೊಡೋ ಸ್ಕೀಮಿನ್ಯಾಗಿಂದ ನಮ್ಮನ್ನ ತಗದಾರಂತ.”

“ಮೊನ್ನಿ ‘ನೀರಿಗೆ ಕತ್ತರಿ’ ಅಂತ ಬರದಾಗ ನಳ ಬಂದ್ ಆಗಿತ್ತಲ್ರಿ, ಹಂಗೇನು?”

“ಹಂಗ ನೋಡು. ಎಲ್ಲಾರಿಗೂ ಕತ್ತರಿ ತರ್ತೀನಂತ ಓಣಿ ತುಂಬ ಹೇಳಿ ಬಂದೀನಿ. ಈಗ ಯಾವ ಮುಖ ಹೊತ್ತು ಹೋಗ್ಲಿ?”

ಈ ತಲೆಬರಹ ಹೊಳೆದಾಗ ತಾನು ಹಿಗ್ಗಿದ್ದು ನೆನಪಾಗಿ ಯಂಕೇಶನ ಕಿವಿ ಬಿಸಿಯಾಯಿತು. ತಪ್ಪು ನನ್ನದೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕುಷ್ಟಗಿ ಬಸ್ಸು ಬಂತು.

“ಸ್ವಲ್ಪ ದಾರಿ ಬಿಡ್ರೀ ಸರ,” ಎಂದಳು ಹುಲಗೆಮ್ಮ, ಸೆರಗನ್ನು ಮುಖದ ಮೇಲೆಳೆದುಕೊಂಡು.

ಅವನು ದಾರಿ ಬಿಟ್ಟ.