ಮುರುಕು ಬೇಲಿಯ ನೀರು

"ಹಲೋ… ಯಾರು ಮಾತಾಡ್ತಿರೋದು? ಹಾಂ? ಸ್ವಲ್ಪ ಜೋರಾಗಿ ಹೇಳಿ… ವೆರ್ನಣ್ಣನಾ? ಇದ್ಯಾರ ನಂಬರು?"

…

"ಹೌದು, ನಿನ್ನ ನಂಬರ್ ಕಂಡ್ರೆ ಎತ್ತಲ್ಲ. ಬೇಕಂತಲೇ ಎತ್ತಲ್ಲ. ಅದು ಗೊತ್ತಾಗಿ ಬೇರೆಯವರ ಫೋನ್ ಈಸ್ಕೊಂಡ್ಯಾ? ಜಾಣ."

ಲೊರೀನ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಗಳ ಬಟ್ಟೆ ಮಡಿಸುತ್ತಿದ್ದಳು. ಗಂಡ ನೀಲ್ ಮಿಲ್ವಾಕಿಯ ಆಸ್ಪತ್ರೆಯಲ್ಲಿ ಮಗಳ ಹತ್ತಿರ ಕೂತಿದ್ದ. ಒಗೆದ ಬಟ್ಟೆ ಒಯ್ಯಲೆಂದು ಅವಳು ಮಿಶಿಗನ್ ಸರೋವರದ ದಂಡೆಯ ತನ್ನ ಮನೆಗೆ ಬಂದು ಒಂದು ಗಂಟೆಯೂ ಆಗಿರಲಿಲ್ಲ.

…

"ಜೂನಿ ಹೇಗಿದ್ದಾಳಾ? ಕಿಡ್ನಿ ಕೆಲ್ಸ ಮಾಡ್ತಿಲ್ಲ. ಮೈಯೆಲ್ಲ ಊದ್ಕೊಂಡಿದೆ. ಯಂತ್ರಕ್ಕೆ ಹಾಕಿ ರಕ್ತ ತೊಳೀತಿದ್ದಾರೆ. ಕಣ್ಣು ಬಿಟ್ಟಾಗೆಲ್ಲ 'ಅಮ್ಮಾ, ಮಾಮ ಬರ್ಲಿಲ್ವಾ' ಅಂತಾಳೆ. ಏನು ಹೇಳ್ಲಿ ನಾನು?"

…

"ಅಳ್ಬೇಡ. ಅತ್ರೆ ಫೋನ್ ಇಟ್ಬಿಡ್ತೀನಿ. ಮೊದ್ಲು ನಾನು ಹೇಳೋದು ಕೇಳು."

…

"ಡಾಕ್ಟರು ಕೇಳಿದ್ರು, ಮಗು ಎಲ್ಲಿ ನೀರಿಗಿಳಿದಿತ್ತು ಅಂತ. ದನದ ಸಗಣಿಯಿಂದ ಬರೋ ಸೋಂಕಂತೆ ಇದು. ಲೇಕಲ್ಲಿ ಅಂದೆ. ಲೇಕಲ್ಲಿ ಎಲ್ಲಿ ಅಂದ್ರು. ಬಾಯೇ ಬರ್ಲಿಲ್ಲ ಕಣೋ ನಂಗೆ! ನನ್ನ ಮಗಳು ಅಲ್ಲಿ ಹಾಗೆ ಬಿದ್ದಿದ್ದಾಳೆ, ನಾನು ಜಾಗದ ಹೆಸರು ಹೇಳ್ಬೋದೋ ಬಾರ್ದೋ ಅಂತ ಯೋಚಿಸ್ತಾ ನಿಂತಿದ್ದೀನಿ. ಅಷ್ಟು ಚೆನ್ನಾಗಿ ಕಲಿಸಿದ್ದೀರಿ ನೀನೂ ಅಪ್ಪನೂ."

…

"ಗೊತ್ತು, ಗೊತ್ತು. ಸರ್ಫಿಂಗ್ ಮಾಡೋಕೆ ಒಳ್ಳೆ ಅಲೆ ಏಳೋ ಜಾಗ ಹೊರಗಿನೋರಿಗೆ ಹೇಳ್ಬಾರ್ದು. ಕಾರು ಎಲ್ಲೋ ನಿಲ್ಸಿ ಹಲಗೆ ಹೊತ್ಕೊಂಡು ಮರಗಳ ಮಧ್ಯೆ ನಡೀಬೇಕು. ಫೋಟೋದಲ್ಲಿ ದಂಡೆ ಕಾಣ್ಬಾರ್ದು. ನಮ್ಮ ಮುರುಕು ಬೇಲಿ ಜಾಗ ಎಲ್ಲಿದೆ ಅಂತ ಅಪ್ಪ ಪಾದ್ರಿಗೂ ಹೇಳಿರ್ಲಿಲ್ಲ. ಪಾದ್ರಿಗೂ ಸರ್ಫಿಂಗ್ ಹುಚ್ಚು ಇತ್ತಲ್ಲ, ಅದಕ್ಕೇ. ನಾನೂ ಅಲ್ಲೇ ಕಲಿತೋಳು. ನಂಗೇ ಪಾಠ ಹೇಳ್ತೀಯಾ?"

…

"ಮಾತು ತಿರುಗಿಸ್ಬೇಡ. ಆರ್ಲಿಸ್ ಅತ್ತಿಗೆ ಬಂದಿದ್ಳು. ಅವಳ ಮೇಲೆ ರೇಗಾಡ್ಬೇಡ, ಪಾಪ ಸಮಾಧಾನ ಹೇಳೋಕೆ ಬಂದು ಬಾಯ್ಬಿಟ್ಟಳು. ಬೇಲಿ ಪಕ್ಕದ ಹಳ್ಳ ಲೇಕಿಗೆ ಸೇರೋ ಕಡೆ ನೀನು ನೀರು ಹಿಡಿದು ಪರೀಕ್ಷೆಗೆ ಕೊಟ್ಟಿದ್ಯಂತೆ. ಕೆಟ್ಟಿದೆ ಅಂತ ಬಂತಂತೆ. ನೀನು ಜೂನೀನ ಅಲ್ಲಿಗೆ ಕರ್ಕೊಂಡು ಹೋಗೋಕೆ ಮುಂಚೆ. ಹೌದೋ ಅಲ್ವೋ?"

…

"ಹೌದೋ ಅಲ್ವೋ, ಅಣ್ಣ?"

…

"ಗಾಳಿ ತಿರುಗಿತ್ತು, ಎಲ್ಲಾ ತೊಳ್ಕೊಂಡು ಹೋಗಿರುತ್ತೆ ಅಂದ್ಕೊಂಡ್ಯಾ… ಹಾಂ. ಅಂದ್ಕೊಂಡೆ."

ಅವಳು ಮಡಿಸಿದ್ದ ಅಂಗಿಯನ್ನೇ ಮತ್ತೆ ಬಿಡಿಸಿ ಮತ್ತೆ ಮಡಿಸಿದಳು.

…

"ಮಿಕ್ಕ ದಂಡೆಗಳ ನೀರಿನ ಪರೀಕ್ಷೆದೆಲ್ಲ ವಾರವಾರವೂ ನಿಮ್ಮ ಲೇಕ್ ಸಂಘದ ವೆಬ್ ಪುಟದಲ್ಲಿ ಹಾಕ್ತೀಯಲ್ಲ, ಇಲ್ಲಿ ಇಳೀರಿ, ಅಲ್ಲಿ ಇಳೀಬೇಡಿ ಅಂತ? ಶಾಲೆಗೆ ಹೋಗಿ ಮಕ್ಕಳಿಗೆ ಹೇಳ್ತೀಯಲ್ಲ, ಈ ನೀರೇ ನಮ್ಮ ನಲ್ಲೀಲಿ ಬರೋದು ಅಂತ? ಮಳೆ ಬರೋ ಹೊತ್ತಿಗೆ ಸರಿಯಾಗಿ ಹೊಲಕ್ಕೆ ಸಗಣಿ ನೀರು ಬಿಡ್ತಾರೆ ಅಂತ ಊರ ಸಭೇಲಿ ಎದ್ದು ನಿಂತು ಹೈನುಗಾರರ ಜನ್ಮ ಜಾಲಾಡ್ತೀಯ. ಬೇಲಿದೊಂದು ಮಾತ್ರ ಯಾಕೆ ಮುಚ್ಚಿಟ್ಟೆ?"

…

"ಷಿಕಾಗೋದವರು ಅಲೆ ಹುಡುಕ್ಕೊಂಡು ಬಂದ್ಬಿಡ್ತಾರೆ ಅಂತಾನಾ?"

…

"ಇಲ್ಲ, ನಗ್ತಿಲ್ಲ ನಾನು. ಬರ್ಲಿ ಬಿಡೋ! ಬಂದು ಅಲೆ ಹೊತ್ಕೊಂಡು ಹೋಗ್ತಿದ್ರಾ? ನೀರು ಕೆಟ್ಟಿದೆ ಅಂತ ಹಾಕಿದ್ರೆ ಜಾಗದ ಹೆಸರು ಗೊತ್ತಾಗುತ್ತೆ, ಅದಕ್ಕೆ ಹಾಕ್ಲಿಲ್ಲ. ಇಷ್ಟೇ ತಾನೆ? ಹೇಳೋಕೂ ನಾಚಿಕೆ ಆಗುತ್ತೆ ಕಣೋ."

…

"ಜೂನಿ ನೀರು ನುಂಗಿದ್ದು ನೋಡ್ಲಿಲ್ವಾ ನೀನು? 'ಉಪ್ಪಿಲ್ಲ, ಶಾರ್ಕಿಲ್ಲ, ನಮ್ಮದೇ ನೀರು, ಕುಡಿ ರಾಣಿ' ಅಂದ್ಯಂತೆ. ಅವಳೇ ಹೇಳಿದ್ದು. ಈಗ್ಲೂ ನರ್ಸುಗಳಿಗೆಲ್ಲ ಹೇಳ್ತಾಳೆ, ನಮ್ಮ ಮಾಮ ಹೀಗಂದ ಅಂತ. ಹೆಮ್ಮೆಯಿಂದ ಹೇಳ್ತಾಳೆ."

…

"ಸಾಕು. ಕ್ಷಮಿಸು ಅಂದಿದ್ದು ಕೇಳಿಸ್ತು. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ಆರೋಗ್ಯ ಇಲಾಖೆಯ ಹೆಂಗಸು ಸಂಜೆ ಮತ್ತೆ ಫೋನ್ ಮಾಡ್ತಾಳೆ. ಜಾಗದ ಹೆಸರು ಹೇಳ್ತೀನಿ ನಾನು."

…

"ಏನು? ಉತ್ತರ ದಿಕ್ಕಲ್ಲಿ ಎಲ್ಲೋ ಅಂತ ಹೇಳ್ಲಾ? ಎಲ್ಲೋ ಅಂದ್ರೆ ಅವರು ಎಚ್ಚರಿಕೆ ಬೋರ್ಡು ಎಲ್ಲಿ ನೆಡ್ತಾರೆ, ಅಣ್ಣ? ಲೇಕಿನ ಮಧ್ಯದಲ್ಲಾ?"

…

"ಅಲ್ಲಿ ಅಲೆಗೆ ಇಳಿಯೋರೆಲ್ಲ ನಿನ್ನ ಜೊತೆ ಮಾತು ಬಿಡ್ತಾರೆ. ಹಾಂ, ಬಿಡ್ತಾರೆ. ಅಪ್ಪನ ಗುಟ್ಟಿನ ಜಾಗ ಊರ ಬಾಯಿಗೆ ಬಿತ್ತು ಅಂತಾರೆ. ಅನ್ಲಿ. ನಾನು ಹೇಳೋಕೆ ಮುಂಚೆ ನೀನೇ ಹೇಳು. ಸಂಘದ ಪುಟದಲ್ಲಿ, ನಿನ್ನ ಹೆಸರು ಹಾಕಿ. ಈಗ್ಲೇ. ರಾತ್ರಿಯೆಲ್ಲ ಮಳೆ ಸುರಿದಿದೆ, ಗಾಳಿ ಎದ್ದಿದೆ, ಯಾರಾದ್ರೂ ಇಳಿದೇ ಇಳೀತಾರೆ…"

…

"ಹಾಕ್ತೀಯಾ?"

…

"ಹಲೋ? ಅದೇನದು ಭೋರ್ ಅಂತ? ಎಲ್ಲಿದ್ದೀಯ ನೀನು?"

…

"ಬೇಲಿ ಹತ್ರಾನಾ?"

ಬಟ್ಟೆ ತುಂಬುತ್ತಿದ್ದ ಚೀಲ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ.

"ಇಲ್ಲ, ನೀನು ಇಳಿಯಲ್ಲ, ನಂಬಿದೆ. ಪರೀಕ್ಷೆಗೆ ನೀರಿನ ಬಾಟಲಿ ತುಂಬೋಕೆ ಬಂದಿದ್ದೀಯ, ಆಯ್ತು. ನೀರಲ್ಲಿ ಯಾರಿದ್ದಾರೆ? … ಡೇಲ್, ನಿನ್ನ ಗೆಳೆಯನಾ? ಹಾಂ… ಜೊತೆಗೆ ಯಾರು? … ಮಗಳು ಕೋರಾನ ಕರ್ಕೊಂಡು ಬಂದಿದ್ದಾನಾ? ಒಂಬತ್ತು ವರ್ಷ ಕಣೋ ಅವಳಿಗೆ!"

…

"ಜೂನಿಗೆ ಏನಾಗಿದೆ ಅಂತ ಹೇಳಿದ್ದೀಯ ಅವನಿಗೆ? … ಬರೀ ಹೊಟ್ಟೆ ಕೆಟ್ಟಿದೆ ಅಂತ ಹೇಳಿದ್ಯಾ? ಅಯ್ಯೋ ಅಣ್ಣ."

…

"ಕೂಗು. ಈಗ್ಲೇ ಕೂಗು, ನಾನು ಕೇಳಿಸ್ಕೋಬೇಕು."

…

"ಏನಂತ ಕೂಗ್ಲಿ ಅಂತ ನನ್ನ ಕೇಳ್ತೀಯಾ? ನೀರು ಕೆಟ್ಟಿದೆ, ನಂಗೆ ಮೊದ್ಲೇ ಗೊತ್ತಿತ್ತು ಅಂತ ಕೂಗು. … ಹೊಡೀತಾನಾ? ಹೊಡೀಲಿ. ಹೊಡೆಸ್ಕೋ."

ಆ ಕಡೆ ಗಾಳಿ, ಅದರ ಹಿಂದೆ ಅಲೆ ಮುರಿಯುವ ಸದ್ದು, ಅದರಾಚೆ ತೆಳ್ಳಗೆ ಒಂದು ಮಗುವಿನ ಕೇಕೆ. ಲೊರೀನ್ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಅಣ್ಣನ ದನಿಯೊಂದು ಮಾತ್ರ ಏಳಲಿಲ್ಲ.

"ವೆರ್ನ್?"

…

"ಏನು? … ಈ ಅಲೆ ಮುಗಿಸ್ಕೊಂಡು ಅವರೇ ಬರ್ತಾರಾ? … ಆಮೇಲೆ ಹೇಳ್ತೀಯಾ? ನಿಧಾನಕ್ಕೆ ಕೂರಿಸ್ಕೊಂಡು ಹೇಳ್ತೀಯಾ? … ವೆರ್ನ್, ಆ ಮಗೂನ… ಹಲೋ? ಕೇಳಿಸ್ತಿದ್ಯಾ? ಹಲೋ… ಅಣ್ಣ?"

ಫೋನಿನೊಳಗಿನ ಗಾಳಿಯ ಸದ್ದು ಒಮ್ಮೆಗೇ ನಿಂತುಹೋಯಿತು; ಕರೆ ಕಡಿದಿತ್ತು.